ಸೀಲು ಒಡೆಯದ ಸುರುಳಿ

ವಿಮಾನಕ್ಕೆ ಏನಾಗಿದೆಯೋ ಎಂದು ನೂರಹನ್ನೆರಡು ಜನ ತಮ್ಮ ತಮ್ಮ ದೇವರನ್ನು ಕೇಳುತ್ತಿದ್ದ ಹೊತ್ತಿನಲ್ಲಿ, ಉತ್ತರ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಹದಿಮೂರನೇ ಸಾಲಿನ ಕಿಟಕಿ ಪಕ್ಕ ಬೆಲ್ಟು ಬಿಗಿದುಕೊಂಡು ಬಾಯಿ ಮುಚ್ಚಿ ಕೂತಿದ್ದ. ಅವನ ಹೆಸರು ತೆಯೊದುಲೊ. ಸಾಂತೊ ದೊಮಿಂಗೊದಲ್ಲಿ ವಿಮಾನ ರಿಪೇರಿಯವರೆಲ್ಲ ಕರೆಯುವುದು ಮೇಸ್ತ್ರಿ ತುಲೊ ಎಂದು. ಇಪ್ಪತ್ತೇಳು ವರ್ಷದಿಂದ ವಿಮಾನಗಳ ಹೊಟ್ಟೆಯಡಿ ಮಲಗೆದ್ದವನು. ಅವನ ಕಂಪನಿ ಚಿಕ್ಕದು. ಇದ್ದದ್ದು ಎರಡೇ ವಿಮಾನ, ಅವೂ ಬೇರೆಯವರು ಓಡಿಸಿ ಸುಸ್ತು ಮಾಡಿ ಬಿಟ್ಟವು. ಆದ್ದರಿಂದ ಪರದೇಶಕ್ಕೆ ಹಾರುವಾಗಲೆಲ್ಲ ಮೆಕ್ಯಾನಿಕ್ ಒಬ್ಬ ಜೊತೆಯಲ್ಲಿ ಹೋಗಬೇಕು, ಅಲ್ಲಿ ಕೆಟ್ಟರೆ ಅಲ್ಲೇ ಸರಿಮಾಡಬೇಕು ಎಂಬುದು ಕಂಪನಿಯ ಪದ್ಧತಿ. ಅವತ್ತು ಸಮುದ್ರದಾಚೆಯ ಕುರಸಾವೊ ದ್ವೀಪದ ಪ್ರಯಾಣಕ್ಕೆ ಸರದಿ ತುಲೊನದು.

ಬೆಳಿಗ್ಗೆ ನಡೆದದ್ದು ಇಷ್ಟು. ಚಕ್ರ ಹೊತ್ತು ಇಳಿಯುವ ವಿಮಾನದ ಪ್ರತಿ ಕಾಲಿಗೂ ಒಂದು ಬೀಗ ಇರುತ್ತದೆ. ಕಾಲು ಪೂರ್ತಿ ಇಳಿದು ಬೀಗ ಬಿತ್ತು ಎಂದರೆ ಒಂದು ತಂತಿಯ ಮೂಲಕ ಸುದ್ದಿ ಹೋಗಿ ಪೈಲಟ್ಟಿನ ಮುಂದೆ ಹಸಿರು ದೀಪ ಹತ್ತುತ್ತದೆ. ಎಡಗಾಲಿನ ಆ ತಂತಿಯ ಪ್ಲಗ್ಗಿನಲ್ಲಿ ಜಿಡ್ಡು ಕೂತಿತ್ತು. ತುಲೊ ಅದನ್ನು ಬಿಚ್ಚಿ ಒರೆಸಿ ಮತ್ತೆ ಚುಚ್ಚಿದ. ಪ್ಲಗ್ಗಿನ ಮೇಲಿನ ತಿರುಪಿನ ಬಳೆಯನ್ನು ಎರಡು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ. ಇನ್ನು ಅದನ್ನು ಗಟ್ಟಿಯಾಗಿ ಬಿಗಿದು, ಅದುರಾಟಕ್ಕೆ ಸಡಿಲವಾಗದಂತೆ ಸಣ್ಣ ಉಕ್ಕಿನ ತಂತಿಯಿಂದ ಹೆಣೆದು ಕಟ್ಟುವುದೊಂದು ಬಾಕಿ. ಜೇಬಿನಲ್ಲಿ ತಂತಿ ಮುಗಿದಿತ್ತು. ಉಗ್ರಾಣಕ್ಕೆ ಹೋಗಿ ಹೊಸ ಸುರುಳಿ ತಂದ. ಬರುವಷ್ಟರಲ್ಲಿ ಇಂಧನದ ಲಾರಿಯವನು ಬಂದು, ನಿನ್ನ ಏಣಿ ಎತ್ತಯ್ಯ ಎಂದು ಕೂಗಾಡುತ್ತಿದ್ದ. ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡು ಏಣಿ ಎತ್ತುತ್ತಿರುವಾಗ ಕ್ಯಾಪ್ಟನ್ ರೆಕ್ಕೆಯಡಿ ಬಂದಳು.

ಕ್ಯಾಪ್ಟನ್ ಎಲಿತ್ಸಾ ಉರ್ದನೆತಾ ವೆನೆಜುವೆಲಾದವಳು, ಮರಕೈಬೊ ಊರಿನವಳು. ಕಂಪನಿಗೆ ಸೇರಿ ಐದು ತಿಂಗಳಾಗಿತ್ತು. ಕೆಲಸದಲ್ಲಿ ಚೂಟಿ, ಮಾತಿನಲ್ಲಿ ಕಡ್ಡಿ ಮುರಿದಂತೆ.

"ಮೇಸ್ತ್ರಿ, ಆ ಪ್ಲಗ್ಗಿಗೆ ತಂತಿ ಕಟ್ಟಿದ್ದಾಯ್ತಾ?"

"ಅವೊರಿತ, ಕ್ಯಾಪ್ಟನ್," ಎಂದ ತುಲೊ.

ಅವಳು ಹೆಬ್ಬೆರಳೆತ್ತಿ ತೋರಿಸಿ ಮೆಟ್ಟಿಲು ಹತ್ತಿದಳು.

ಈ ಅವೊರಿತ ಇದೆಯಲ್ಲ, ಸ್ಪ್ಯಾನಿಷ್ ಆಡುವ ಎಲ್ಲ ಊರಲ್ಲೂ ಇದೆ. ಆದರೆ ಒಂದೊಂದು ಊರಲ್ಲಿ ಒಂದೊಂದು ಗಡಿಯಾರಕ್ಕೆ ಓಡುತ್ತದೆ. ಮರಕೈಬೊದಲ್ಲಿ ಅದಕ್ಕೆ ಈಗಲೇ, ಈಗಷ್ಟೇ, ಇದೋ ಮುಗೀತು ಎಂದರ್ಥ. ಸಾಂತೊ ದೊಮಿಂಗೊದಲ್ಲಿ ಆಮೇಲೆ, ಕೈ ಬಿಡುವಾದಾಗ, ಇವತ್ತಿನಲ್ಲಿ ಯಾವಾಗಲಾದರೂ ಎಂದರ್ಥ. ‘ಬಂದೇಬಿಟ್ಟೆ’ ಎಂದವನು ಇನ್ನೂ ಸ್ನಾನದ ನೀರಿಗೆ ಬೆಂಕಿ ಹಾಕುತ್ತಿರುತ್ತಾನಲ್ಲ, ಆ ಜಾತಿಯ ಮಾತು. ತುಲೊ ಆಮೇಲೆ ಎಂದ. ಅವಳು ಆಗಿದೆ ಎಂದು ಕೇಳಿಸಿಕೊಂಡಳು. ಕೆಲಸ ಮುಗಿಯಿತು ಎನ್ನುವ ರಿಪೇರಿ ಪುಸ್ತಕದ ಹಾಳೆಯಲ್ಲಿ ತುಲೊನ ಮೊಹರು ಆಗಲೇ ಬಿದ್ದಿತ್ತು, ಏಕೆಂದರೆ ಮೊಹರಿನ ಶಾಯಿ ಇರುವುದು ಆಫೀಸಿನಲ್ಲಿ, ಎರಡೆರಡು ಸಲ ನಡೆಯುವುದೇಕೆ ಎಂದು ಬೆಳಿಗ್ಗೆಯೇ ಒತ್ತಿ ಬರುವುದು ಅವನ ಅಭ್ಯಾಸ. ಅವಳು ಅದರ ಕೆಳಗೆ ಸಹಿ ಹಾಕಿದಳು. ತುಲೊ ಏಣಿ ಇಟ್ಟು ಬರುವಷ್ಟರಲ್ಲಿ ಬಾಗಿಲು ಹಾಕುವ ಗಡಿಬಿಡಿ. ಕ್ಯಾಪ್ಟನ್ನಿಗೆ ಗೊತ್ತಿದೆಯಲ್ಲ, ಕುರಸಾವೊದಲ್ಲಿ ಇಳಿದ ಮೇಲೆ ಕಟ್ಟಿದರಾಯಿತು ಎಂದುಕೊಂಡು ಅವನೂ ಹತ್ತಿ ಕೂತ.

ಕುರಸಾವೊ ಹತ್ತಿರ ಬಂದಾಗ ಕಾಲುಗಳು ಇಳಿದ ಸದ್ದು ಅವನಿಗೆ ಕೇಳಿಸಿತು. ಧಡ್, ಧಡ್, ಧಡ್. ಮೂರಕ್ಕೆ ಮೂರು. ಹೆಂಡತಿಯ ಕೆಮ್ಮಿನಷ್ಟೇ ಪರಿಚಯದ ಸದ್ದು ಅದು. ಆದರೆ ನೆಲ ಹತ್ತಿರ ಬರುವ ಬದಲು ಇಂಜಿನ್ನುಗಳು ಗರ್ಜಿಸಿ ವಿಮಾನ ಮತ್ತೆ ಮೇಲಕ್ಕೆದ್ದಿತು. ಗಗನಸಖಿ ದಹ್ಯಾನಾ ನಗುಮುಖ ಹೊತ್ತುಕೊಂಡೇ ಬಂದು ಅವನ ಕಿವಿಯಲ್ಲಿ, "ಮೇಸ್ತ್ರಿ, ಮುಂದೆ ಕರೀತಿದಾರೆ, ಓಡಬೇಡಿ, ನಿಧಾನ ಬನ್ನಿ," ಎಂದಳು.

ಕಾಕ್‌ಪಿಟ್ಟಿನಲ್ಲಿ ಎರಡು ದೀಪ ಹಸಿರಾಗಿದ್ದವು. ಎಡಗಡೆಯದು ಕತ್ತಲು.

"ಬಲ್ಬು ಬದಲಾಯಿಸಿ ನೋಡಿದ್ವಿ, ಬಲ್ಬು ಚೆನ್ನಾಗಿದೆ," ಎಂದಳು ಕ್ಯಾಪ್ಟನ್. "ಟವರಿನ ಮುಂದೆ ಹಾದು ಹೋದ್ವಿ. ಕಾಲೇನೋ ಇಳಿದಿದೆ, ಬೀಗ ಬಿದ್ದಿದೆಯೋ ಇಲ್ವೋ ಕಾಣಲ್ಲ ಅಂದ್ರು."

"ಪ್ಲಗ್ ಏನಾದ್ರೂ ಸಡಿಲ ಆಗಿರಬಹುದಾ?" ಎಂದ ಸಹ ಪೈಲಟ್ ಫೆಲಿಸ್. ಅವನು ತುಲೊನ ದೇಶದವನೇ, ಬರಾವೊನಾ ಊರಿನ ಹುಡುಗ.

"ಪ್ಲಗ್ಗಲ್ಲ. ಅದನ್ನ ಮೇಸ್ತ್ರಿ ಇವತ್ತು ಬೆಳಿಗ್ಗೆ ತಾನೇ ತಂತಿ ಹಾಕಿ ಕಟ್ಟಿದಾರೆ, ನಾನೇ ಕೇಳಿದೆ. ಅಲ್ವಾ ಮೇಸ್ತ್ರಿ?"

ಆ ಕ್ಷಣದಲ್ಲಿ ತುಲೊನಿಗೆ ಬೆಳಗಿನ ಹೆಬ್ಬೆರಳಿನ ಅರ್ಥ ಆಯಿತು. ಇಲ್ಲ ಎನ್ನಬೇಕಿತ್ತು. ಎರಡಕ್ಷರ. ಬಾಯಿಂದ ಬಂದದ್ದು "ಹ್ಞೂಂ."

ಕ್ಯಾಪ್ಟನ್ ಪೆನ್ಸಿಲ್ ತೆಗೆದುಕೊಂಡು ಪಟ್ಟಿಯಲ್ಲಿ ಪ್ಲಗ್ ಎಂದಿದ್ದ ಕಡೆ ಗೆರೆ ಎಳೆದಳು. "ಹಾಗಾದ್ರೆ ಕೆಟ್ಟಿರೋದು ಕಾಲೇ," ಎಂದಳು.

ಹಾಗೇಕೆ ಅಂದನೆಂದು ಅವನಿಗೇ ಆಗ ತಿಳಿಯಲಿಲ್ಲ. ಆದರೆ ನನಗೆ ಗೊತ್ತು. ಎರಡು ವರ್ಷದ ಹಿಂದೆ ಇದೇ ತುಲೊ ತನ್ನ ಜೊತೆಗಾರ ನೆಲ್ಸಿದೊನ ಕೆಲಸದಲ್ಲಿ ತಂತಿ ಕಟ್ಟದ ಒಂದು ಬೋಲ್ಟು ಕಂಡಿದ್ದ. ನೆಲ್ಸಿದೊ ಬರೀ ಜೊತೆಗಾರನಲ್ಲ, ತುಲೊನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತ ಆದವನು. ಆ ನಂಟಿನವರನ್ನು ಅಲ್ಲಿ ಕೊಂಪಾ ಎನ್ನುತ್ತಾರೆ, ಒಡಹುಟ್ಟಿದವರಿಗಿಂತ ಒಂದು ಕೈ ಮೇಲೆ. "ಕೊಂಪಾ, ಅವೊರಿತ ಕಟ್ಟೋನಿದ್ದೆ ಕಣೋ," ಎಂದು ಅವನು ಗೋಗರೆದ. "ವಿಮಾನಕ್ಕೆ ಅವೊರಿತ ಗೊತ್ತಿಲ್ಲ," ಎಂದ ತುಲೊ, ಎಲ್ಲರಿಗೂ ಕೇಳುವ ಹಾಗೆ, ಮತ್ತು ನೇರ ಹೋಗಿ ಮೇಲಿನವರಿಗೆ ಬರೆದುಕೊಟ್ಟ. ನೆಲ್ಸಿದೊನ ಮೊಹರು ಹೋಯಿತು, ಜೊತೆಗೆ ಕೆಲಸವೂ. ಈಗ ಅವನು ಬೊಕಾ ಚಿಕಾ ಕಡಲದಂಡೆಯಲ್ಲಿ ಮೀನು ಕರಿಯುತ್ತಾನೆ. ಅವತ್ತಿನಿಂದ ತುಲೊನ ಮಾತಿಗೆ ಕಂಪನಿಯಲ್ಲಿ ಎರಡು ಪಟ್ಟು ಬೆಲೆ ಬಂತು, ಮತ್ತು ಆ ಬೆಲೆ ಅವನಿಗೆ ರುಚಿಸಿತು.

"ಮೇಸ್ತ್ರಿ, ನೆಲದಲ್ಲಿ ಕಣ್ಣಿದೆಯಲ್ಲ, ಅದರಲ್ಲಿ ನೋಡಿ ಹೇಳಿ," ಎಂದಳು ಕ್ಯಾಪ್ಟನ್.

ಹಳೆಯ ವಿಮಾನಗಳಲ್ಲಿ ನಡು ಓಣಿಯ ನೆಲದಲ್ಲಿ ಒಂದು ಗಾಜಿನ ಕಿಂಡಿ ಇರುತ್ತದೆ. ಅದಕ್ಕೆ ಕಣ್ಣಿಟ್ಟರೆ ಕೆಳಗೆ ಕಾಲುಗಳ ಬೀಗ ಕಾಣಬೇಕು. ಬೀಗದ ಎರಡು ಕೆಂಪು ಪಟ್ಟಿ ಒಂದೇ ಗೆರೆಗೆ ಬಂದಿದ್ದರೆ ಬೀಗ ಬಿದ್ದ ಲೆಕ್ಕ. ಕಂಪನಿಯವರು ಡಿಸೆಂಬರಿನಲ್ಲಿ ಹೊಸ ನೀಲಿ ರತ್ನಗಂಬಳಿ ಹಾಸಿದಾಗ ಕಿಂಡಿಯ ಮೇಲೂ ಗೋಂದು ಬಳಿದು ಅಂಟಿಸಿಬಿಟ್ಟಿದ್ದರು. ಅಂದಕ್ಕೆ ಅಡ್ಡ ಬರಬಾರದಲ್ಲ! ದಹ್ಯಾನಾ ಕತ್ತರಿ ತಂದಳು. ನೂರಹನ್ನೆರಡು ಜನ ನೋಡುತ್ತಿದ್ದಂತೆ ತುಲೊ ಮಂಡಿಯೂರಿ ಆ ಚೆಂದದ ಗಂಬಳಿಯನ್ನು ಕುಯ್ದ. ಗಾಜಿಗೆ ಕಣ್ಣಿಟ್ಟ. ಬಲಗಾಲಿನ ಪಟ್ಟಿಗಳು ಅಂಗೈಯಷ್ಟು ಸ್ಪಷ್ಟ. ಎಡಗಾಲಿನ ಕಡೆಗೆ ಗಾಜಿನ ಹೊರಮೈಗೆ ಎಣ್ಣೆ ಎರಚಿ ಮಂಕು ಮುಸುಕಿತ್ತು. ಅತ್ತ ಇತ್ತ ತಲೆ ಹೊರಳಿಸಿದ. ಏನೂ ಕಾಣಲಿಲ್ಲ.

ಅಲ್ಲಿ ಅವನಿಗೆ ಒಂದು ಯೋಚನೆ ಬಂತು, ಅದರ ಕೊಳಕು ಅವನಿಗೇ ಗೊತ್ತಾಗುವಷ್ಟು ಕೊಳಕು. ಕಂಡಿತು ಎಂದುಬಿಟ್ಟರೆ? ಪಟ್ಟಿಗಳು ಒಂದೇ ಗೆರೆಗಿವೆ ಎಂದುಬಿಟ್ಟರೆ? ಅವಳು ಇಳಿಸುತ್ತಾಳೆ, ಇಳಿದ ಮೇಲೆ ಯಾರಿಗಿಂತ ಮೊದಲು ಓಡಿ ಹೋಗಿ ಪ್ಲಗ್ ತಿರುಗಿಸಿ ತಂತಿ ಕಟ್ಟಿದರೆ ಮುಗಿಯಿತು, ಯಾವ ನರಪಿಳ್ಳೆಗೂ ತಿಳಿಯುವುದಿಲ್ಲ. ಆದರೆ ಪ್ಲಗ್ ಸಡಿಲವಾಗಿದೆ ಎಂದ ಮಾತ್ರಕ್ಕೆ ಬೀಗ ಬಿದ್ದಿದೆ ಎಂದಾಗುವುದಿಲ್ಲವಲ್ಲ. ಎರಡೂ ಒಟ್ಟಿಗೆ ಕೆಟ್ಟಿರಬಾರದೆಂದು ಎಲ್ಲಿದೆ? ಅವನು ಎದ್ದು ಮುಂದೆ ಹೋಗಿ ನಿಜವನ್ನೇ ಹೇಳಿದ, ಆದರೆ ಅರ್ಧ ನಿಜ. "ಎಣ್ಣೆ ಮುಸುಕಿದೆ ಕ್ಯಾಪ್ಟನ್. ಕಾಣ್ತಿಲ್ಲ."

ಕ್ಯಾಪ್ಟನ್ ಕಿಟಕಿಯಾಚೆ ನೋಡಿದಳು. "ಸರಿ. ಒಂದೂವರೆ ಗಂಟೆ ಸುತ್ತಿ ಇಂಧನ ಸುಡೋಣ. ಆಮೇಲೆ ಮೂರೂ ಕಾಲು ಮೇಲೆತ್ತಿ ಹೊಟ್ಟೆ ಮೇಲೆ ಇಳಿಸ್ತೀನಿ."

"ಹೊಟ್ಟೆ ಮೇಲಾ?" ಎಂದ ಫೆಲಿಸ್.

"ಎರಡು ಕಾಲಲ್ಲಿ ನಿಂತು ಮೂರನೇದು ಮಡಚಿದ್ರೆ ವಿಮಾನ ಎಡಕ್ಕೆ ಎಳೆಯುತ್ತೆ. ಈ ರನ್‌ವೇಗೆ ಎಡಕ್ಕೇನಿದೆ ಹೇಳು? ಬಂಡೆ. ಬಂಡೆ ಆದ್ಮೇಲೆ ಸಮುದ್ರ. ಅದಕ್ಕಿಂತ ನೆಟ್ಟಗೆ ಜಾರೋದು ವಾಸಿ."

ಹೊಟ್ಟೆ ಮೇಲೆ ಜಾರಿದ ವಿಮಾನವನ್ನು ತುಲೊ ಒಮ್ಮೆ ನೋಡಿದ್ದ. ಸಾಮಾನು ಸಾಗಿಸುವಂಥದ್ದು, ಒಳಗಿದ್ದವರು ಇಬ್ಬರೇ. ಒಬ್ಬನ ಬೆನ್ನುಮೂಳೆ ಮುರಿದಿತ್ತು, ಇನ್ನೊಬ್ಬನನ್ನು ಬೆಂಕಿ ಹಿಡಿದ ಬಾಗಿಲಿಂದ ಎಳೆದು ತೆಗೆಯುವಾಗ ಬಂದ ವಾಸನೆ ತಿಂಗಳುಗಟ್ಟಲೆ ಅನ್ನದಲ್ಲಿ ಬಂದಿತ್ತು. ಈಗ ಮೂರೂ ಗಟ್ಟಿ ಕಾಲಿರಬಹುದಾದ ವಿಮಾನವನ್ನು, ತನ್ನ ಒಂದು ಹ್ಞೂಂಕಾರದ ಮೇಲೆ, ಈ ಹೆಂಗಸು ಕಲ್ಲಿಗೆ ಉಜ್ಜಲು ಹೊರಟಿದ್ದಾಳೆ. ಹೇಳು ಮಾರಾಯ ಎಂದು ಒಳಗೆ ಯಾರೋ ಕಿರುಚಿದರು. ಅವನು ತಲೆ ತಗ್ಗಿಸಿಕೊಂಡು ಹದಿಮೂರನೇ ಸಾಲಿಗೆ ವಾಪಸು ಬಂದ.

ಪಕ್ಕದ ಸೀಟಿನಲ್ಲಿ ದೊನ್ಯ ಎದುವಿಹಿಸ್ ಕೂತಿದ್ದಳು. ದೊನ್ಯ ಎಂದರೆ ಅಮ್ಮನವರು ಎಂದ ಹಾಗೆ. ಎಪ್ಪತ್ತು ದಾಟಿದ ಅಜ್ಜಿ, ಕುರಸಾವೊದಲ್ಲಿ ಕೆಲಸಕ್ಕಿರುವ ಮಗಳನ್ನು ನೋಡಲು ಹೊರಟವಳು. ತೊಡೆಯ ಮೇಲೆ ಬಟ್ಟೆ ಕಟ್ಟಿದ ಒಂದು ಡಬ್ಬಿ. ಕ್ರೈಸ್ತರ ಉಪವಾಸದ ನಲವತ್ತು ದಿನಗಳಲ್ಲಿ ಅವರ ಕಡೆ ಮನೆಮನೆಯಲ್ಲೂ ಕೆಂಪು ಕಾಳನ್ನು ಬೇಯಿಸಿ ಅರೆದು, ತೆಂಗಿನ ಹಾಲು, ಗೆಣಸು, ಒಣದ್ರಾಕ್ಷಿ ಹಾಕಿ ಪಾಯಸ ಮಾಡುತ್ತಾರೆ. ಮಾಡಿದವರು ಒಬ್ಬರೇ ತಿನ್ನುವ ಹಾಗಿಲ್ಲ, ಬೀದಿಗೆಲ್ಲ ಹಂಚಬೇಕು. ತಪಾಸಣೆಯವನು ಡಬ್ಬಿ ಬಿಡುವುದಿಲ್ಲ ಎಂದಾಗ ಅವನಿಗೂ ಒಂದು ಲೋಟ ಕುಡಿಸಿ ದಾಟಿಕೊಂಡು ಬಂದಿದ್ದಳಂತೆ.

"ಏನಂತೆ ಮಗಾ?"

"ಏನಿಲ್ಲ ದೊನ್ಯ. ಒಂದು ದೀಪ ಹತ್ತಿಲ್ಲ."

"ಅಷ್ಟೇನಾ! ನಮ್ಮನೇಲಿ ದಿನಾ ಹತ್ತಲ್ಲ." ಅವಳು ಹಿಂದೆ ತಿರುಗಿ ಆರು ಸಾಲಿಗೆ ಕೇಳುವ ಹಾಗೆ ಸಾರಿದಳು. "ಕೇಳ್ರಪ್ಪಾ, ಅಳೋದು ನಿಲ್ಲಿಸಿ! ಇವನೇ ಈ ವಿಮಾನದ ಮೆಕ್ಯಾನಿಕ್ಕು. ನಮ್ಮ ಜೊತೆ ಕೂತಿದಾನೆ ನೋಡಿ, ಮುಖ ಎಷ್ಟು ತಣ್ಣಗಿದೆ. ಅಪಾಯ ಇದ್ದಿದ್ರೆ ಇವನು ಹತ್ತಿರ್ತಿದ್ನಾ?"

ಜನ ಕತ್ತು ಚಾಚಿ ಅವನ ಮುಖ ನೋಡಿದರು. ಒಬ್ಬ ಗಂಡಸು ದೂರದಿಂದಲೇ ಕೈ ಮುಗಿದ. ಮಗು ಎತ್ತಿಕೊಂಡ ತಾಯಿಯೊಬ್ಬಳು ಅವನ ಮುಖವನ್ನೇ ನೋಡುತ್ತ ಅಳು ನುಂಗಿದಳು. ತುಲೊ ಕಿಟಕಿ ಕಡೆ ತಿರುಗಿದ. ಅಲ್ಲಿ ಅದೇ ಸಮುದ್ರ, ಅದೇ ಬಂಡೆಯ ದಂಡೆ, ಅದೇ ಬಿಳಿ ನೊರೆ. ವಿಮಾನ ಸುತ್ತು ಹಾಕಿದಾಗಲೆಲ್ಲ ಮತ್ತೆ ಅದೇ ಬರುತ್ತಿತ್ತು. ಏಳಬೇಕೆಂದರೆ ಬೆಲ್ಟು, ಬೆಲ್ಟು ಬಿಚ್ಚಿದರೆ ಅಜ್ಜಿಯ ಮಂಡಿ, ಮಂಡಿ ದಾಟಿದರೆ ಅಷ್ಟೂ ಕಣ್ಣು. ಅಂಗಿಯ ಮೇಲಿನ ಗುಂಡಿ ಬಿಚ್ಚಿದ.

ಮನುಷ್ಯ ಮೂಲೆಗೆ ಬಿದ್ದಾಗ ತನಗೆ ತಾನೇ ವಕೀಲನಾಗುತ್ತಾನೆ. ಕಟ್ಟಿದ್ದೇನೋ ಏನೋ ಎಂದು ಶುರು ಮಾಡಿದ ತುಲೊ. ಇಪ್ಪತ್ತೇಳು ವರ್ಷದ ಕೈ, ತಲೆ ಹೇಳದಿದ್ದರೂ ತನ್ನಷ್ಟಕ್ಕೆ ಕಟ್ಟಿರಬಹುದು. ಏಣಿ ಎತ್ತುವ ಮೊದಲು ಕಟ್ಟಿದೆನೇನೋ. ಹೌದು, ಬಳೆ ಬಿಗಿದೆ, ತಂತಿ ಎಳೆದೆ, ಎರಡು ಸಲ ಹೆಣೆದೆ. ವಿಮಾನದ ಒಂದೊಂದು ಸುತ್ತಿಗೂ ನೆನಪು ಇನ್ನಷ್ಟು ಚೊಕ್ಕವಾಯಿತು. ಇಕ್ಕಳದ ಹಿಡಿಯ ತಣ್ಣನೆ ಕೂಡ ಕೈಗೆ ಬಂತು. ನಂಬಿಕೆ ಬರುವಷ್ಟು ಚೊಕ್ಕವಾದಾಗ ಅವನು ಕಾಲಬಳಿಯ ಚೀಲದ ಜಿಪ್ಪು ಎಳೆದು ಕೈ ಹಾಕಿದ.

ಸುರುಳಿ ಕೈಗೆ ಸಿಕ್ಕಿತು. ಅದರ ಸುತ್ತ ಅಂಟಿಸಿದ ಬಿಳಿ ಕಾಗದದ ಸೀಲು ಹಾಗೇ ಇತ್ತು, ಒಂದು ಸುಕ್ಕೂ ಇಲ್ಲ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಇಕ್ಕಳದ ತಣ್ಣನೆ ಸುಳ್ಳಾಗಿತ್ತು.

ದಹ್ಯಾನಾ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಓಣಿಯಲ್ಲಿ ಬಂದಳು. ನಗುಮುಖ ಈಗಲೂ ಇತ್ತು, ತುಟಿ ಮಾತ್ರ ಒಣಗಿತ್ತು. "ಕನ್ನಡಕ, ಪೆನ್ನು, ಹೈಹೀಲ್ಡ್ ಚಪ್ಪಲಿ, ಕಟ್ಟಿಸಿದ ಹಲ್ಲು, ಚೂಪಾಗಿರೋದು ಎಲ್ಲಾ ಇದರಲ್ಲಿ ಹಾಕಿ. ಇಳಿದ ಮೇಲೆ ಕೊಡ್ತೀವಿ."

ದೊನ್ಯ ಎದುವಿಹಿಸ್ ಬಾಯಿಗೆ ಕೈ ಅಡ್ಡ ಹಿಡಿದು ಹಲ್ಲಿನ ಸೆಟ್ಟು ತೆಗೆದಳು. ಚೀಲ ನೋಡಿ ಮೂಗು ಮುರಿದಳು. "ಊರವರ ಚಪ್ಪಲಿ ಜೊತೆ ನನ್ನ ಹಲ್ಲಾ?" ಎಂದು ಕರವಸ್ತ್ರದಲ್ಲಿ ಸುತ್ತಿ, ತುಲೊನ ಅಂಗಿ ಜೇಬಿಗೆ ಇಳಿಸಿ, ಮೇಲೆ ತಟ್ಟಿದಳು. ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗಾಗಿ, ಹೆಣ್ಣುಮಗುವಿನ ಹಾಗೆ ಕೇಳಿಸಿತು. "ನಿನ್ ಹತ್ರ ಇರ್ಲಿ ಮಗಾ. ನಿನಗೇನೂ ಆಗಲ್ಲ. ನನಗೇನಾದ್ರೂ ಆದ್ರೆ ಮಗಳಿಗೆ ಕೊಡು, ಹಲ್ಲಿಲ್ದೆ ಪೆಟ್ಟಿಗೇಲಿ ಮಲಗಿಸಬೇಡ ಅನ್ನು."

ಅವಳು ತಮಾಷೆ ಮಾಡುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಆ ಹಲ್ಲಿನ ಪುಟ್ಟ ಭಾರ ಎದೆಗೆ ತಾಗಿದ್ದೇ ತಡ, ತುಲೊ ಬೆಲ್ಟು ಬಿಚ್ಚಿ, ಅವಳ ಮಂಡಿ ದಾಟಿ, ಯಾರ ಮುಖವನ್ನೂ ನೋಡದೆ ಮುಂದಕ್ಕೆ ಹೊರಟ. ಈ ಸಲ ಓಡಿದ.

ಸುರುಳಿಯನ್ನು ಕ್ಯಾಪ್ಟನ್ನಿನ ಮುಂದೆ ಹಿಡಿದ.

"ಏನಿದು?"

"ಇವತ್ತು ಬೆಳಿಗ್ಗೆ ತಂದ ತಂತಿ. ಸೀಲು ನೋಡಿ. ಒಡೆದಿಲ್ಲ. ನಾನು ಪ್ಲಗ್ ಕಟ್ಟಿಲ್ಲ ಕ್ಯಾಪ್ಟನ್. ಬಳೆ ಕೂಡ ಪೂರ್ತಿ ಬಿಗಿದಿಲ್ಲ."

ಅವಳು ಸುರುಳಿಯನ್ನೂ ಅವನನ್ನೂ ನೋಡಿದಳು. "ನಾನು ಕೇಳಿದೆ. ನೀವು ಅವೊರಿತ ಅಂದ್ರಿ."

"ಅಂದೆ. ಆಮೇಲೆ ಕಟ್ತೀನಿ ಅಂತ ಅಂದೆ."

"ಆಮೇಲೆ ಯಾಕಾಗುತ್ತೆ? ಅವೊರಿತ ಅಂದ್ರೆ ಈಗ!"

ಫೆಲಿಸ್ ಹಣೆ ಚಚ್ಚಿಕೊಂಡ. "ಅಯ್ಯೋ ದೇವ್ರೇ. ಕ್ಯಾಪ್ಟನ್, ನಮ್ಮಪ್ಪ ನನಗೆ ಅವೊರಿತ ಸೈಕಲ್ ಕೊಡಿಸ್ತೀನಿ ಅಂದಿದ್ರು. ನನಗೆ ಮೊನ್ನೆ ಮೂವತ್ತಾಯ್ತು."

"ಐದು ತಿಂಗಳಿಂದ ನಿಮ್ಮೂರಲ್ಲಿದ್ದೀನಿ," ಎಂದಳು ಅವಳು ನಿಧಾನವಾಗಿ. "ಎಲ್ಲರೂ ಸುಳ್ಳು ಹೇಳ್ತಾರೆ ಅಂದ್ಕೊಂಡಿದ್ದೆ. ಮಾತೇ ಬೇರೆ ಅಂತ ಒಬ್ಬರೂ ಹೇಳಲಿಲ್ಲವಲ್ಲ ನನಗೆ." ಆಮೇಲೆ ದನಿ ಏರಿತು. "ಬೆಳಗಿಂದು ಬಿಡಿ. ಆಗ ಇಲ್ಲೇ ನಿಂತು ಹ್ಞೂಂ ಅಂದ್ರಲ್ಲ, ಅದು ಯಾವ ಊರಿನ ಭಾಷೆ? ಒಂದು ಗಂಟೆ! ಒಂದು ಗಂಟೆಯಿಂದ ಜನ ಹಿಂದೆ ಸಾಯ್ತಿದಾರೆ!"

"ಅದು ಹೆದರಿದವನ ಭಾಷೆ," ಎಂದ ತುಲೊ. "ಬರೀರಿ. ಏನೇನಾಯ್ತೋ ಎಲ್ಲಾ ಬರೀರಿ. ಆದರೆ ಹೊಟ್ಟೆ ಮೇಲೆ ಇಳಿಸಬೇಡಿ."

"ಈಗ ಬೀಗ ಬಿದ್ದಿದೆಯಾ?"

"ಗೊತ್ತಿಲ್ಲ. ಆ ದೀಪಕ್ಕೂ ಗೊತ್ತಿಲ್ಲ, ಅಷ್ಟು ಮಾತ್ರ ಖಂಡಿತ."

"ಗೊತ್ತಿಲ್ಲ ಅನ್ನೋದರ ಮೇಲೆ ನಾನು ಇಳಿಸಕ್ಕಾಗಲ್ಲ, ಮೇಸ್ತ್ರಿ."

"ಬಾಲ ಅಲ್ಲಾಡಿಸಿ," ಎಂದ ತುಲೊ. "ಎಡಕ್ಕೆ ಬಲಕ್ಕೆ ಜೋರಾಗಿ ಒದೆಯಿರಿ. ಬೀಗ ಬಿದ್ದಿಲ್ಲದ ಕಾಲು ಸುಮ್ಮನಿರಲ್ಲ, ಕೀಲಿನಲ್ಲಿ ಹೊಡ್ಕೊಳ್ಳುತ್ತೆ. ನಾನು ಕಿಂಡಿಗೆ ಕಿವಿ ಕೊಟ್ಟು ಮಲಗ್ತೀನಿ."

ಅವಳು ಇಂಧನದ ಮುಳ್ಳು ನೋಡಿದಳು. "ಹೋಗಿ," ಎಂದಳು.

ಕಣ್ಣಿಗೆ ಕಾಣದ್ದನ್ನು ಕಿವಿಯಲ್ಲಿ ಕೇಳುವುದಕ್ಕೆ ತುಲೊ ಓಣಿಯಲ್ಲಿ ಬೋರಲು ಮಲಗಿದ. ಕುಯ್ದ ಗಂಬಳಿಯ ಗೋಂದು ಕೆನ್ನೆಗಂಟಿತು. ಒಂದು ಕಿವಿ ಗಾಜಿಗೆ ಒತ್ತಿ, ಇನ್ನೊಂದಕ್ಕೆ ಬೆರಳಿಟ್ಟ. ಹಲ್ಲಿನ ಸೆಟ್ಟು ಎದೆಗೂ ನೆಲಕ್ಕೂ ನಡುವೆ ಸಿಕ್ಕಿ ಚುಚ್ಚಿತು. ದಹ್ಯಾನಾ ಜನರಿಗೆ, "ಸ್ವಲ್ಪ ಅಲ್ಲಾಡುತ್ತೆ, ಬೇಕಂತಲೇ ಮಾಡೋದು, ದಯವಿಟ್ಟು ಕೂಗಬೇಡಿ, ಮೇಸ್ತ್ರಿಗೆ ಕೇಳಿಸಬೇಕು," ಎಂದಳು.

ವಿಮಾನ ಎಡಕ್ಕೆ ಹೊರಳಿತು, ಬಲಕ್ಕೆ ಬಡಿಯಿತು. ಯಾರೋ ಕೂಗಿದರು, ಯಾರೋ ಅವರ ಬಾಯಿ ಮುಚ್ಚಿದರು. ತುಲೊ ಮೊದಲು ಗಟ್ಟಿಯಿದ್ದ ಬಲಗಾಲಿನ ಕಡೆ ಕಿವಿ ಕೊಟ್ಟ. ಗಾಳಿಯ ಭೋರು, ಪಂಪಿನ ಗುಂಯ್ ಸದ್ದು, ಅಷ್ಟೇ. ಆಮೇಲೆ ಎಡಕ್ಕೆ. ಒಂದು ಟಕ್ ಎಂದು ಕೇಳಿದರೂ ಮುಗಿಯಿತು. ಗಾಳಿಯ ಭೋರು. ಪಂಪಿನ ಗುಂಯ್. ಮತ್ತೆ ಹೊರಳಿತು. ಜನ್ಮದಲ್ಲಿ ಅವನು ಸದ್ದಿಗಾಗಿ ಕಿವಿ ಕೊಟ್ಟದ್ದುಂಟು, ಸದ್ದಿಲ್ಲದ್ದಕ್ಕಾಗಿ ಕೊಟ್ಟದ್ದು ಇದೇ ಮೊದಲು. "ಇನ್ನೊಂದ್ಸಲ ಅನ್ನು!" ಎಂದ ದಹ್ಯಾನಾಗೆ. ಮೂರನೇ ಸಲ ವಿಮಾನ ಒದೆ ತಿಂದ ಕತ್ತೆಯ ಹಾಗೆ ಒದರಿತು. ಎಡಗಾಲು ತುಟಿ ಪಿಟಕ್ಕೆನ್ನಲಿಲ್ಲ.

ಅವನು ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತಾಗ ಕ್ಯಾಪ್ಟನ್ ತಿರುಗದೆಯೇ ಕೇಳಿದಳು. "ಬೀಗ ಬಿದ್ದಿದೆಯಾ ಇಲ್ವಾ? ಒಂದೇ ಮಾತು. ನಮ್ಮೂರಲ್ಲೂ ನಿಮ್ಮೂರಲ್ಲೂ ಒಂದೇ ಅರ್ಥ ಇರೋ ಮಾತು."

ಹೀಗಿರಬಹುದು, ಹಾಗಿರಬಹುದು ಎನ್ನುವ ಆಸೆ ಅವನಿಗೆ ನಾಲಗೆಯ ತುದಿವರೆಗೂ ಬಂತು. ಇನ್ನೂ ಒಂದು ಬಾಗಿಲು ತೆರೆದಿಟ್ಟುಕೊಳ್ಳುವ ಹಳೆಯ ಚಟ ಅದು. "ಬಿದ್ದಿದೆ," ಎಂದ.

"ಒಂದು ಸಲ ನಿಮ್ಮ ಮಾತು ನಂಬಿ ಇಲ್ಲಿಗೆ ಬಂದೆ."

"ಗೊತ್ತು."

ಅವಳು ಇನ್ನೊಮ್ಮೆ ಆ ಹತ್ತದ ದೀಪ ನೋಡಿದಳು. "ಕಾಲು ಕೆಳಗೇ ಇರಲಿ," ಎಂದಳು ಫೆಲಿಸ್‌ಗೆ. "ಬಲಗಾಲ ಮೇಲೆ ಮೊದಲು ಇಳಿಸ್ತೀನಿ. ಎಡ ರೆಕ್ಕೇನ ಆದಷ್ಟು ಹೊತ್ತು ಎತ್ತಿ ಹಿಡೀತೀನಿ. ಎಲ್ಲರನ್ನೂ ಬಗ್ಗಿಸಿ ಕೂರಿಸೋಕೆ ಹೇಳು." ಆಮೇಲೆ ತುಲೊನಿಗೆ, "ನೀವು ಎಲ್ಲಿ ಕೂರ್ತೀರಿ?"

"ಎಡಗಾಲಿನ ಮೇಲೆ. ಹದಿಮೂರು."

ಎಲ್ಲರೂ ತಲೆಯನ್ನು ಮಂಡಿಗೆ ಹಚ್ಚಿ ಬಗ್ಗಿದರು. ದೊನ್ಯ ಎದುವಿಹಿಸ್ ಡಬ್ಬಿಯನ್ನು ಕಾಲ ನಡುವೆ ಇಟ್ಟು, ಒಂದು ಕೈಯಲ್ಲಿ ತುಲೊನ ತೋಳು ಹಿಡಿದುಕೊಂಡಳು. ಇದೆಲ್ಲ ನನ್ನಿಂದ ದೊನ್ಯ ಎಂದು ಹೇಳಿಬಿಡಬೇಕೆನಿಸಿತು ಅವನಿಗೆ. ಹೊತ್ತಿರಲಿಲ್ಲ. ಬಲಗಾಲು ನೆಲಕ್ಕೆ ತಾಗಿತು. ವಿಮಾನ ಒಂಟಿಗಾಲಲ್ಲಿ ಓಡಿತು, ಓಡಿತು, ಇನ್ನೂ ಓಡಿತು. ಎಡ ರೆಕ್ಕೆ ಗಾಳಿಯಲ್ಲಿ ತೂಗಾಡುತ್ತ ಮೆಲ್ಲಗೆ ಇಳಿಯತೊಡಗಿತು. ತುಲೊ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದ, ತಾನೇ ಆನಿಸಿ ನಿಲ್ಲಿಸುವವನ ಹಾಗೆ. ಧಡ್. ಪಾದದಡಿ ಎಡಗಾಲು ನೆಲ ಮುಟ್ಟಿತು. ಭಾರ ಬಿತ್ತು. ಮಡಚಲಿಲ್ಲ. ಮೂಗು ಇಳಿಯಿತು, ಬ್ರೇಕು ಕಿರುಗುಟ್ಟಿತು, ಕಿಟಕಿಯಾಚೆ ಬಂಡೆಗಳು ನಿಧಾನವಾದವು, ನಿಂತವು.

ಸಾಂತೊ ದೊಮಿಂಗೊ ಕಡೆಯ ಜನ ವಿಮಾನ ಇಳಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಾರೆ, ಹೋಗಿ ಬಂದು ಮಾಡಿದರೆ ಎರಡು ಸಲ. ಅವತ್ತು ಯಾರೂ ತಟ್ಟಲಿಲ್ಲ. ಆಮೇಲೆ ಆ ತಾಯಿಯ ಮಗು ಅಭ್ಯಾಸಬಲದಿಂದ ಎರಡು ಪುಟ್ಟ ಕೈ ಬಡಿಯಿತು, ಇಡೀ ವಿಮಾನ ಅಳುತ್ತ ಹಿಂಬಾಲಿಸಿತು. ಕೆಲವರು ಎದ್ದು ತುಲೊನ ಬೆನ್ನು ತಟ್ಟಲು ಬಂದರು. ಅದು ಅವನಿಗೆ ಏಟು ತಿಂದಷ್ಟು ನೋಯಿತು.

ಜನರೆಲ್ಲ ಇಳಿದ ಮೇಲೆ ಕ್ಯಾಪ್ಟನ್ನೂ ತುಲೊನೂ ಎಡ ರೆಕ್ಕೆಯಡಿ ನಿಂತರು. ಮಧ್ಯಾಹ್ನದ ಬಿಸಿಲು ನೆಲದಿಂದ ಮೇಲೆ ಬರುತ್ತಿತ್ತು. ಬೀಗದ ಕೆಂಪು ಪಟ್ಟಿ ಎರಡೂ ಒಂದೇ ಗೆರೆಗಿದ್ದವು. ಪಕ್ಕದಲ್ಲಿ ಪ್ಲಗ್ ಅರ್ಧ ಬೆರಳು ಹೊರಬಂದು ಜೋಲುತ್ತಿತ್ತು.

ಅವಳು ಅದನ್ನು ಮುಟ್ಟಲಿಲ್ಲ. ಫೋನಿನಲ್ಲಿ ಎರಡು ಚಿತ್ರ ತೆಗೆದಳು. "ನಾನು ಎಲ್ಲಾ ಬರೀತೀನಿ. ನನ್ನ ಕಿವಿಯ ತಪ್ಪೂ ಬರೀತೀನಿ. ಆದರೆ ಆ ಹ್ಞೂಂ ನಿಮ್ಮದು."

ತುಲೊ ಚೀಲದಿಂದ ಮೊಹರು ತೆಗೆದು ಅವಳ ಕೈಯಲ್ಲಿಟ್ಟ. ಇಪ್ಪತ್ತೇಳು ವರ್ಷದ ಹಿಡಿ, ಹೆಬ್ಬೆರಳು ಕೂತ ಕಡೆ ಸವೆದು ಗುಳಿ ಬಿದ್ದಿತ್ತು. ಅವಳು ಬೇಡ ಎನ್ನಲಿಲ್ಲ, ಅದು ಅವನಿಗೆ ಹಿಡಿಸಿತು.

ಬಸ್ಸಿನ ಬಳಿಯಿಂದ ದೊನ್ಯ ಎದುವಿಹಿಸ್, ತಡೆಯಲು ಬಂದ ಕಾವಲಿನವನನ್ನು ಡಬ್ಬಿಯಿಂದಲೇ ಸರಿಸುತ್ತ ಬಂದಳು. "ಎಲ್ಲೋ ನನ್ನ ಹಲ್ಲು?" ತುಲೊ ಕರವಸ್ತ್ರ ಬಿಚ್ಚಿ ಕೊಟ್ಟ. ಅವಳು ಅತ್ತ ತಿರುಗಿ ಹಾಕಿಕೊಂಡು, ಇತ್ತ ತಿರುಗಿ ಡಬ್ಬಿ ತೆರೆದು, ಕಾಗದದ ಲೋಟಕ್ಕೆ ಪಾಯಸ ಸುರಿದಳು. "ತಿನ್ನು."

"ಅವೊರಿ..." ಎಂದವನು ಮಾತನ್ನು ಅಲ್ಲೇ ಕಚ್ಚಿ ಹಿಡಿದ. ಕ್ಯಾಪ್ಟನ್ ಅವನನ್ನೇ ನೋಡುತ್ತಿದ್ದಳು. ಅವನು ಲೋಟ ತೆಗೆದುಕೊಂಡು ನಿಂತಲ್ಲೇ ತಿಂದ. ಗೆಣಸಿನ ಹೋಳು ಗಂಟಲಲ್ಲಿ ಸಿಕ್ಕಿತು. ಕಣ್ಣೀರು ಬಂದದ್ದು ಅದಕ್ಕಲ್ಲ. "ಇದೆಲ್ಲ ನನ್ನಿಂದ ಆಗಿದ್ದು ದೊನ್ಯ," ಎಂದ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಇನ್ನೊಂದು ಸೌಟು ಹಾಕಿದಳು.

ಅವರೆಲ್ಲ ಹೋದ ಮೇಲೆ ಅವನು ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತು ಫೋನ್ ಮಾಡಿದ. ಎರಡು ವರ್ಷದಿಂದ ಮಾಡದ ನಂಬರು, ಆದರೆ ಅಳಿಸಿರಲಿಲ್ಲ. ಆ ಕಡೆಯಿಂದ ಮೊದಲು ಎಣ್ಣೆಯ ಚುರುಗುಟ್ಟುವ ಸದ್ದು ಬಂತು, ಆಮೇಲೆ ನೆಲ್ಸಿದೊನ ದನಿ. "ಗಿರಾಕಿ ಇದ್ದಾರೆ, ಬೇಗ ಹೇಳು. ಏನು?"

"ಕೊಂಪಾ," ಎಂದ ತುಲೊ. "ನಾನೂ ಕಟ್ಟಿರಲಿಲ್ಲ."

ಫೋನು ಇಟ್ಟ ಸದ್ದು ಬರಲಿಲ್ಲ. ಮೀನು ಬಾಣಲೆಯಲ್ಲಿ ಚುರುಗುಟ್ಟುತ್ತಲೇ ಇತ್ತು, ಸೀಯುವಷ್ಟು ಹೊತ್ತು.